ಕಾರಣ ತೋರಿಸುತ್ತಿದ್ದ ನೀರಗಂಟಿ

“ಉತ್ತರ ಸರಿಯಾಗಿರುವಾಗ ಕಾರಣವನ್ನೂ ಯಾಕೆ ಹೇಳಬೇಕು ಸಾರ್?” ಎಂದು ಕುಮುದಾ ಕೇಳಿದಳು.

ಕೇಳಿದ್ದು ವೆಂಕಟರವಣಪ್ಪ ಮೇಷ್ಟ್ರನ್ನು. ಅವರು ಕಾಲೇಜಿನಲ್ಲಿ ತರ್ಕದ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದರು. ಈ ಮಾತಿಗೆ ಇಪ್ಪತ್ತು ವರ್ಷದ ಮೇಲಾಯಿತು. ಆಗ ಆ ಕಾಲೇಜಿನಲ್ಲಿದ್ದದ್ದು ಆರೇ ಆರು ಕಂಪ್ಯೂಟರ್. ಒಂದೊಂದಕ್ಕೂ ಬಟ್ಟೆಯ ಹೊದಿಕೆ. ಚಪ್ಪಲಿ ಹೊರಗೆ ಬಿಟ್ಟು ದೇವರ ಮನೆಗೆ ಹೋಗುವ ಹಾಗೆ ಒಳಗೆ ಹೋಗಬೇಕು. ಮೇಷ್ಟ್ರು ಮಾತ್ರ ಆ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಪಾಠ ಮುಗಿದ ಕೂಡಲೇ ಹೊರಗಿನ ಕಲ್ಲುಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ಏನು ಕೇಳುವುದಿದ್ದರೂ ಅಲ್ಲಿಯೇ ಕೇಳಬೇಕು. ಅವರ ಹತ್ತಿರ ಕಲಿತವರು ಎಲ್ಲಾದರೂ ಒಬ್ಬರಿಗೊಬ್ಬರು ಸಿಕ್ಕರೆ ಈಗಲೂ ಮೊದಲು ನೆನೆಯುವುದು ಆ ಬೆಂಚನ್ನು. ಪಾಠದ ಮಾತು ಆಮೇಲೆ ಬರುತ್ತದೆ.

ತರ್ಕದ ಪ್ರೋಗ್ರಾಂ ಎಂದರೆ ಹೆದರಬೇಕಾದದ್ದು ಏನಿಲ್ಲ. ಗೊತ್ತಿರುವ ಸಂಗತಿಗಳನ್ನು ಬರೆಯುವುದು. ಹೀಗಿದ್ದರೆ ಹೀಗೆ ಎಂಬ ನಿಯಮಗಳನ್ನು ಅವುಗಳ ಕೆಳಗೆ ಬರೆಯುವುದು. ಆಮೇಲೆ ಒಂದು ಪ್ರಶ್ನೆ ಹಾಕಿದರೆ ಯಂತ್ರ ಸಂಗತಿಗೆ ನಿಯಮ ಜೋಡಿಸಿ, ನಿಯಮಕ್ಕೆ ನಿಯಮ ಜೋಡಿಸಿ ಹೌದು ಅಥವಾ ಇಲ್ಲ ಎನ್ನುತ್ತದೆ. ಬರೆಯದೆ ಬಿಟ್ಟ ಸಂಗತಿ ಅದರ ಪಾಲಿಗೆ ಇಲ್ಲದ ಸಂಗತಿ. ಹಾಗೆ ಹಿಡಿಯದಿದ್ದರೆ ಯಾವ ಕೆಲಸವೂ ಮುಂದೆ ಸಾಗುವುದಿಲ್ಲ ಎಂದು ಮೇಷ್ಟ್ರೇ ಪಾಠದಲ್ಲಿ ಹೇಳಿದ್ದರು.

ಕುಮುದಾ ಹಾಸ್ಟೆಲಿನ ಕೋಣೆಗಳನ್ನು ಹಂಚಲು ಅಂಥದೊಂದು ಪ್ರೋಗ್ರಾಂ ಬರೆದಿದ್ದಳು. ತೊಂಬತ್ತು ನಿಯಮ. ಹಿಂದೆ ವಾರಗಟ್ಟಲೆ ವಾದ ನಡೆದು ಮುಗಿಯುತ್ತಿದ್ದ ಕೆಲಸ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಪ್ರೋಗ್ರಾಂ ಬರೆಯುವುದರಲ್ಲಿ ಅವಳದು ಎತ್ತಿದ ಕೈ, ಅದು ಅವಳಿಗೂ ಗೊತ್ತಿತ್ತು. ಆದರೆ ಆ ದಿನ ಮೊದಲ ವರ್ಷದ ಹುಡುಗಿಯೊಬ್ಬಳು ಬೆಳಗಿನಿಂದ ಮೊಗಸಾಲೆಯಲ್ಲಿ ನಿಂತಿದ್ದಳು. ಅವಳಿಗೆ ಯಂತ್ರ ಇಲ್ಲ ಎಂದಿತ್ತು. ಹಾಸ್ಟೆಲ್ ಸಿಗದಿದ್ದರೆ ಓದು ಬಿಟ್ಟು ಊರಿಗೆ ಹೋಗಬೇಕು. ಹೋಗುತ್ತೇನೆ, ಯಾಕೆ ಸಿಗಲಿಲ್ಲ ಎಂದು ಮಾತ್ರ ಹೇಳಿಬಿಡಿ ಎನ್ನುವುದೊಂದೇ ಅವಳ ಮಾತು. ಕುಮುದಾ ಯಂತ್ರ ನಡೆದ ದಾರಿಯನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಅಚ್ಚು ಹಾಕಿಸಿ ಹದಿನೇಳು ಹಾಳೆ ಅವಳ ಕೈಗೆ ಕೊಟ್ಟಳು. ಹುಡುಗಿ ಕೊನೆಯ ಹಾಳೆ ತಿರುವಿ ಇಲ್ಲ ಎಂಬುದನ್ನು ಓದಿ ಮತ್ತೆ ಅಲ್ಲಿಯೇ ನಿಂತಳು. ಕುಮುದಾಳಿಗೆ ರೇಗಿತು. ಆ ಸಿಟ್ಟಿನಲ್ಲೇ ಅವಳು ಪ್ರಶ್ನೆಯನ್ನು ಬೆಂಚಿನ ಹತ್ತಿರ ತಂದದ್ದು.

ಮೇಷ್ಟ್ರು ಪಕ್ಕಕ್ಕೆ ಸರಿದು ಅವಳಿಗೆ ಕೂರಲು ಜಾಗ ಮಾಡಿದರು. ಅವರು ಜಾಗ ಮಾಡಿದರೆಂದರೆ ಕತೆ ಇದೆ ಎಂದೇ ಲೆಕ್ಕ.

ಒಂದು ಊರಿನಲ್ಲಿ ಒಬ್ಬ ನೀರಗಂಟಿ ಇದ್ದ.

ಕೆರೆಯ ತೂಬು ಎತ್ತುವವನು, ಇಳಿಸುವವನು, ಯಾವ ಗದ್ದೆಗೆ ಯಾವ ದಿನ ನೀರು ಎಂದು ತೀರ್ಮಾನ ಮಾಡುವವನು ನೀರಗಂಟಿ. ಅವನಿಗೆ ಆ ಕೆರೆಯ ಕೆಳಗೆ ಅಂಗೈಯಗಲ ಭೂಮಿಯೂ ಇರಬಾರದು ಎಂದು ಹಿರಿಯರು ಕಟ್ಟು ಮಾಡಿದ್ದರು. ಗದ್ದೆ ಇದ್ದವನ ಗುದ್ದಲಿ ತನ್ನ ಗದ್ದೆಯ ಕಡೆಗೇ ತಿರುಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಸುಗ್ಗಿಯಲ್ಲಿ ಗದ್ದೆಗೊಂದರಂತೆ ತೆನೆಯ ಕಟ್ಟು ಅವನ ಮನೆಗೆ ಹೋಗುತ್ತಿತ್ತು. ಅದೇ ಅವನ ಜೀವನ.

ನೀರಿನ ವಿಷಯದಲ್ಲಿ ಆ ಊರಿಗೆ ನಲವತ್ತು ಕಟ್ಟಳೆಗಳಿದ್ದವು. ಊರಿನವರಿಗೆ ಒಬ್ಬೊಬ್ಬರಿಗೆ ಒಂದೆರಡು ಗೊತ್ತು. ನಲವತ್ತೂ ಗೊತ್ತಿದ್ದದ್ದು ನೀರಗಂಟಿಗೆ. ಒಂದು ಗದ್ದೆಗೆ ಐದು ದಿನಕ್ಕೊಂದು ಸರದಿ. ಬದು ಒಡೆದ ಗದ್ದೆಗೆ, ಬದು ಕಟ್ಟುವ ತನಕ ನೀರಿಲ್ಲ. ಪಕ್ಕದ ಗದ್ದೆಗೆ ನೀರು ಹೋಗುವುದಾದರೆ ಕಾಲುವೆ ಹೇಗೂ ನೆನೆದಿರುತ್ತದೆ, ಇದಕ್ಕೂ ಬಿಡಬಹುದು. ಸಾವಾದ ಮನೆಯವರ ಪರವಾಗಿ ನೆರೆಯವರು ಕೇಳಬಹುದು. ಹೀಗೆ ಒಂದರ ಬಾಲ ಇನ್ನೊಂದು ಹಿಡಿದುಕೊಂಡಿದ್ದವು.

ಎಲ್ಲಕ್ಕೂ ಮೊದಲನೆಯದು ಸೊಪ್ಪಿನ ಕಟ್ಟಳೆ. ನೀರು ಬೇಕಾದವರು ಸರದಿಯ ಹಿಂದಿನ ಸಂಜೆ ತಮ್ಮ ಗದ್ದೆಯ ಮಡೆಯಲ್ಲಿ, ಅಂದರೆ ನೀರು ಒಳಗೆ ಬರುವ ಬಾಯಿಯಲ್ಲಿ, ಒಂದು ಹಿಡಿ ಲಕ್ಕಿ ಸೊಪ್ಪನ್ನು ಕಲ್ಲಿನಡಿ ಸಿಗಿಸಬೇಕು. ಬೆಳಗ್ಗೆ ನೀರಗಂಟಿ ಕಾಲುವೆಯ ಗುಂಟ ಒಂದು ಸುತ್ತು ಬರುತ್ತಾನೆ. ಸೊಪ್ಪು ಕಂಡರೆ ಆ ಗದ್ದೆಗೆ ನೀರು ಬೇಕು. ಅದನ್ನು ಅವನು ಎತ್ತಿಕೊಂಡು ಬರುತ್ತಾನೆ. ಕಾಣದಿದ್ದರೆ ನೀರು ಬೇಡ. ಬೇಡ ಎಂದು ಯಾರೂ ಬಂದು ಹೇಳಬೇಕಾಗಿರಲಿಲ್ಲ. ಇನ್ನೂರು ಗದ್ದೆಯವರ ಮನೆಬಾಗಿಲಿಗೆ ಹೋಗಿ ಬೇಕೋ ಬೇಡವೋ ಎಂದು ಕೇಳುತ್ತ ಹೋದರೆ ಸೂರ್ಯ ಮುಳುಗಿದರೂ ತೂಬು ಎತ್ತುವುದಕ್ಕಾಗುತ್ತಿರಲಿಲ್ಲ.

ನೀರಗಂಟಿ ಎಂದರೆ ಯಾರಿಗಾದರೂ ಇಲ್ಲ ಎನ್ನಲೇಬೇಕಾದ ಕೆಲಸ. ಯಾವ ದಿನವೂ ಎಲ್ಲರಿಗೂ ಹೌದು ಎನ್ನುವಷ್ಟು ನೀರು ಯಾವ ಕೆರೆಯಲ್ಲೂ ಇರುವುದಿಲ್ಲ. ಇಲ್ಲ ಎಂದವರ ಎದುರು ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ.

ಯಾರಾದರೂ ಯಾಕೆ ಎಂದರೆ ಆ ನೀರಗಂಟಿ ಕಟ್ಟಳೆ ಹೇಳುತ್ತಿರಲಿಲ್ಲ. ಕೇಳಿದವನ ಮೊಣಕೈ ಹಿಡಿದು ಬಾ ಎಂದು ಕರೆದುಕೊಂಡು ಹೊರಡುತ್ತಿದ್ದ. ಗದ್ದೆ ಎಷ್ಟು ದೂರ ಇದ್ದರೂ ಸರಿ, ಅಲ್ಲಿಯ ತನಕ ನಡೆಸಿ, ಒಂದೇ ಒಂದು ಜಾಗ ತೋರಿಸಿ, ಇದಕ್ಕೆ ಎನ್ನುತ್ತಿದ್ದ. ಆ ಜಾಗ ಬದು ಒಡೆದ ಕಡೆ ಆಗಿರಬಹುದು, ಸೊಪ್ಪಿಲ್ಲದ ಮಡೆ ಆಗಿರಬಹುದು. ನಲವತ್ತು ಕಟ್ಟಳೆಗಳಲ್ಲಿ ಮೂವತ್ತೊಂಬತ್ತು ಆ ಹೊತ್ತಿಗೆ ಬೇಕಾಗಿರಲಿಲ್ಲ. ಯಾವುದೊಂದು ಬೇರೆ ರೀತಿ ಇದ್ದಿದ್ದರೆ ಇಲ್ಲ ಎನ್ನುವುದು ಹೌದು ಆಗುತ್ತಿತ್ತೋ ಅದನ್ನಷ್ಟೇ ತೋರಿಸುತ್ತಿದ್ದ. ನೋಡಿದವನಿಗೆ ನೀರು ಸಿಗುತ್ತಿರಲಿಲ್ಲ, ನಿಜ. ಆದರೆ ಮುಂದಿನ ಸರದಿಗೆ ಏನು ಮಾಡಬೇಕು ಎಂಬುದು ಸಿಗುತ್ತಿತ್ತು. ಹಾಗಾಗಿ ಜಗಳಕ್ಕೆ ಬಂದವರು ಬಹಳ ಸಲ ಅವನ ಜೊತೆ ಎಲೆಯಡಿಕೆ ಹಾಕಿಕೊಂಡು ಹೋಗುತ್ತಿದ್ದರು.

ಒಂದು ಸಲ ಅಣ್ಣತಮ್ಮಂದಿರಿಬ್ಬರು ಬಂದರು. ಇಬ್ಬರ ಗದ್ದೆಯೂ ಅಕ್ಕಪಕ್ಕ, ಇಬ್ಬರೂ ಸೊಪ್ಪು ಸಿಗಿಸಲು ಮರೆತಿದ್ದರು. ತಮ್ಮನ ಗದ್ದೆಗೆ ನೀರು ಹೋಗುತ್ತದಲ್ಲ, ಪಕ್ಕದ್ದು ನನ್ನದು, ನನಗೂ ಬಿಡು ಎಂದು ಅಣ್ಣ ವಾದ ಹೂಡಿದ. ಅಣ್ಣನ ಗದ್ದೆಗೆ ಹೋಗುತ್ತದೆಂದು ಅವನೇ ಹೇಳಿದನಲ್ಲ, ಹಾಗಾದರೆ ನನಗೂ ಬಿಡು ಎಂದು ತಮ್ಮ. ಕಟ್ಟಳೆಯ ಪ್ರಕಾರ ಇಬ್ಬರದೂ ಸರಿಯೇ. ನೀರಗಂಟಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ಅವನು ನಿನ್ನ ಹೆಗಲ ಮೇಲೆ ಕೂತಿದ್ದಾನೆ, ನೀನು ಅವನ ಹೆಗಲ ಮೇಲೆ ಕೂತಿದ್ದೀಯೆ, ಸರಿ, ನೆಲದ ಮೇಲೆ ಕಾಲಿಟ್ಟವನು ಯಾರು ಎಂದು ಕೇಳಿದ. ಅಣ್ಣತಮ್ಮಂದಿರು ನಕ್ಕುಬಿಟ್ಟರು. ನಕ್ಕ ಮೇಲೆ ಜಗಳ ಎಲ್ಲಿಂದ ಬರಬೇಕು. ಆ ಮಾತನ್ನು ಊರಿನವರು ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದರು.

ಇನ್ನು ಕೆಲವು ಸಲ ಗದ್ದೆಯ ತನಕ ಹೋದ ಮೇಲೆ ಕೇಳಿದವನೇ ಸರಿ ಎಂದಾಗುತ್ತಿತ್ತು. ಬದು ಆಗಲೇ ಕಟ್ಟಿರುತ್ತಿತ್ತು, ನೀರಗಂಟಿಗೆ ತಿಳಿದಿರುತ್ತಿರಲಿಲ್ಲ. ಆಗ ಅವನು ಹೌದಲ್ಲಪ್ಪ ಎಂದು ತಲೆ ಕೆರೆದುಕೊಂಡು, ವಾಪಸು ಅಷ್ಟೂ ದೂರ ನಡೆದು ಹೋಗಿ ತೂಬು ಎತ್ತುತ್ತಿದ್ದ. ಅದರಲ್ಲಿ ಅವನಿಗೆ ನಾಚಿಕೆ ಇರಲಿಲ್ಲ.

ನಾಚಿಕೆ ಆಗುತ್ತಿದ್ದದ್ದು ಅವನ ಮಗನಿಗೆ. ಮಗ ಚುರುಕು. ನಲವತ್ತು ಕಟ್ಟಳೆಯನ್ನೂ ಹಿಂದುಮುಂದಾಗಿ ಹೇಳಬಲ್ಲ. ಅಪ್ಪ ಬೆರಳು ಮಡಿಸುತ್ತ ಯೋಚಿಸುವ ಹೊತ್ತಿಗೆ ಇವನು ಇಂಥಿಂಥ ಗದ್ದೆಗೆ ನೀರು ಎಂದು ಮುಗಿಸಿರುತ್ತಿದ್ದ. ಅಪ್ಪನ ತೀರ್ಮಾನ ಯಾವಾಗಲೂ ಮಗನ ತೀರ್ಮಾನವೇ ಆಗಿರುತ್ತಿತ್ತು. ಹಾಗಿದ್ದ ಮೇಲೆ ಈ ಅಲೆದಾಟ ಯಾಕೆ, ಊರಿನವರ ಎದುರು ತಲೆ ಕೆರೆದುಕೊಳ್ಳುವುದು ಯಾಕೆ ಎಂದು ಅವನಿಗೆ ಅರ್ಥವಾಗುತ್ತಿರಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಮಾತು ಬೇಕು ಎಂದು ಅಂದುಕೊಂಡಿದ್ದ.

ಅಪ್ಪ ತೀರಿಕೊಂಡ. ಗುದ್ದಲಿ ಮಗನ ಕೈಗೆ ಬಂತು.

ಮೊದಲ ತಿಂಗಳು ಯಾರಾದರೂ ಯಾಕೆ ಎಂದರೆ ಅವನು, ಲೆಕ್ಕ ಹಾಗೆ ಬಂತು ಎನ್ನುತ್ತಿದ್ದ. ಅವನ ಲೆಕ್ಕ ತಪ್ಪುತ್ತಿರಲಿಲ್ಲ. ಆದರೂ ಊರಿನಲ್ಲಿ ಗೊಣಗಾಟ ಶುರುವಾಯಿತು. ಹಿರಿಯರು ಕರೆದು, ಕೇಳಿದವರಿಗೆ ಕಾರಣ ಹೇಳಬೇಕಪ್ಪ, ನಿಮ್ಮಪ್ಪ ಹೇಳುತ್ತಿದ್ದ ಎಂದರು. ಸರಿ ಎಂದ. ಅಂದಿನಿಂದ ಯಾರು ಕೇಳಿದರೂ ಅವರನ್ನು ತೂಬಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಮೊದಲನೆಯ ಕಟ್ಟಳೆಯಿಂದ ಹಿಡಿದು ನಲವತ್ತರ ತನಕ ಹೇಳುತ್ತಿದ್ದ. ಯಾವುದರಿಂದ ಯಾವುದು ಬಂತು, ಯಾವ ಗದ್ದೆ ಯಾವ ಗದ್ದೆಯನ್ನು ಹಿಂದೆ ಹಾಕಿತು, ಒಂದನ್ನೂ ಬಿಡುತ್ತಿರಲಿಲ್ಲ. ಕೇಳುವವರಿಗೆ ದನ ಕಟ್ಟುವುದಿರುತ್ತದೆ, ಒಲೆ ಹಚ್ಚುವುದಿರುತ್ತದೆ. ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಅವರು ಎದ್ದು ಹೋದದ್ದನ್ನು ನೋಡಿ ಅವನು, ಒಪ್ಪಿಕೊಂಡರು ಎಂದು ತಿಳಿದ. ಅಪ್ಪ ಒಂದು ಹೇಳುತ್ತಿದ್ದ ಕಡೆ ನಾನು ನಲವತ್ತು ಹೇಳುತ್ತೇನೆ ಎಂದು ಅವನಿಗೆ ಒಳಗೊಳಗೆ ಹೆಮ್ಮೆ.

ಆ ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಗಂಡ ಹಿಂದಿನ ವರ್ಷ ತೀರಿಹೋಗಿದ್ದ. ಕಾಲುವೆಯ ತುದಿಯಲ್ಲಿ ಒಂದು ಗದ್ದೆ, ಮನೆಯಲ್ಲಿ ಒಂದು ಜೊತೆ ಎತ್ತು. ಗಂಡನಿಲ್ಲದೆ ಅವಳೇ ನಿಂತು ಮಾಡಿಸಿದ ಮೊದಲ ನಾಟಿ ಅದು. ಈ ಒಂದು ಬೆಳೆ ಕೈಗೆ ಬಂದರೆ ಗದ್ದೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಬೇಸಾಯ ತನ್ನ ಕೈಲಾಗದು ಎಂದು ಒಪ್ಪಿಕೊಂಡು ತವರಿಗೆ ಹೋಗಿಬಿಡುವುದು ಎಂದು ಅವಳು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಅವಳ ಸರದಿ ಬಂತು. ನೀರು ಬರಲಿಲ್ಲ. ಅವಳು ತೂಬಿನ ಹತ್ತಿರ ಹೋಗಿ ಯಾಕೆ ಎಂದು ಕೇಳಿದಳು. ಅವನು ಕಟ್ಟೆಯ ಮೇಲೆ ಕೂರಿಸಿ ನಲವತ್ತನ್ನೂ ಶುರು ಮಾಡಿದ. ಸೊಪ್ಪಿನ ಕಟ್ಟಳೆಯನ್ನು ಹೇಳದೆ ಬಿಡಲಿಲ್ಲ, ಅದು ಮೊದಲನೆಯದೇ ಆಗಿತ್ತು. ಸೊಪ್ಪಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ ಎಂದು ಹೇಳಿ ಮುಂದಕ್ಕೆ ಹೋದ. ಆ ಕಟ್ಟಳೆ ಅವಳಿಗೆ ಮದುವೆಯಾಗಿ ಬಂದಾಗಿನಿಂದ ಗೊತ್ತು. ಅದರಲ್ಲಿ ತನಗೆ ಸಂಬಂಧಪಟ್ಟದ್ದು ಏನಿದೆ ಎಂದು ಅವಳು ಕಿವಿಗೊಡಲಿಲ್ಲ. ಹದಿನೈದೋ ಹದಿನಾರೋ ಆಗುವಷ್ಟರಲ್ಲಿ ಎದ್ದು ಮನೆಗೆ ಹೋದಳು.

ಐದು ದಿನ ಕಳೆದು ಮತ್ತೆ ಸರದಿ ಬಂತು. ಮತ್ತೆ ನೀರು ಬರಲಿಲ್ಲ. ಪಕ್ಕದ ಗದ್ದೆಗೆ ನೀರು ಹೋಗಿದ್ದರೆ ಇವಳಿಗೂ ಬರುತ್ತಿತ್ತು, ಆದರೆ ಅದು ಆ ವರ್ಷ ಬೀಳು ಬಿದ್ದಿತ್ತು. ಈ ಸಲ ಅವಳು ಕೇಳುವುದಕ್ಕೂ ಹೋಗಲಿಲ್ಲ. ಯಾಕೆಂದರೆ ಕಾರಣ ಅವಳಿಗೆ ತಾನಾಗಿಯೇ ಹೊಳೆದುಬಿಟ್ಟಿತ್ತು. ಅವಳ ಗಂಡ ಒಂದು ಸಲ ಇದೇ ತೂಬಿನ ಹತ್ತಿರ ಹಳೆಯ ನೀರಗಂಟಿಯ ಮೇಲೆ ಕೈಯೆತ್ತಿದ್ದ. ಆಮೇಲೆ ಇಬ್ಬರೂ ರಾಜಿಯಾಗಿದ್ದರು. ಆದರೆ ಮಗನ ಹೊಟ್ಟೆಯಲ್ಲಿ ಅದು ಇದೆ, ಈಗ ಕೈಗೆ ಗುದ್ದಲಿ ಬಂತು, ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಖಚಿತವಾಯಿತು. ಹೇಳುವವರು ಕಾರಣ ಹೇಳದಿದ್ದರೆ ಕೇಳುವವರು ಸುಮ್ಮನಿರುವುದಿಲ್ಲ, ತಾವೇ ಒಂದನ್ನು ಹುಟ್ಟಿಸಿಕೊಳ್ಳುತ್ತಾರೆ. ಹಾಗೆ ಹುಟ್ಟಿದ್ದು ಸಾಮಾನ್ಯವಾಗಿ ನಿಜಕ್ಕಿಂತ ಕೆಟ್ಟದ್ದೇ ಆಗಿರುತ್ತದೆ.

ಪೈರು ಹಳದಿ ತಿರುಗಿತು. ನೆಲ ಬಿರುಕು ಬಿಟ್ಟಿತು. ಒಂದು ಬೆಳಗ್ಗೆ ಅವಳು ಎತ್ತುಗಳನ್ನು ಹೊಡೆದುಕೊಂಡು ಹೋಗಿ ಪೈರಿಗೆ ಬಿಟ್ಟಳು. ಒಣಗಿ ಹೋಗುವುದನ್ನು ನೋಡುತ್ತ ಕೂರುವುದಕ್ಕಿಂತ ದನದ ಹೊಟ್ಟೆಗಾದರೂ ಸೇರಲಿ ಎಂದು. ಎತ್ತುಗಳು ಮೇಯುತ್ತಿದ್ದವು, ಅವಳು ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ತಾನು ನಿಂತು ನೆಡಿಸಿದ ಪೈರನ್ನು ದನ ಮೇಯುವುದು ನೋಡಲು ಯಾರಿಗಾಗುತ್ತದೆ.

ಮಗ ಬೆಳಗಿನ ಸುತ್ತಿನಲ್ಲಿ ಅಲ್ಲಿಗೆ ಬಂದ. ನಿಂತ ಪೈರಿನಲ್ಲಿ ಎತ್ತುಗಳನ್ನು ಕಂಡು ಗಾಬರಿಯಾಗಿ ಅವುಗಳನ್ನು ಆಚೆ ಅಟ್ಟಿದ. ಇದೇನವ್ವ ಹೀಗೆ ಮಾಡಿದೆ ಎಂದು ಕೇಳಿದ. ಅವಳು ಅವನ ಮುಖ ನೋಡದೆ ಮಾತಾಡಿದಳು.

“ನಮ್ಮೆಜಮಾನ್ರು ನಿಮ್ಮಪ್ಪನ ಮ್ಯಾಲೆ ಕೈಯೆತ್ತಿದ್ದು ದಿಟ ಕಣಪ್ಪ. ಸತ್ತೋರ ಮ್ಯಾಲಿನ ಸಿಟ್ಟನ್ನ ನೀನು ಪೈರಿನ ಮ್ಯಾಲೆ ತೀರಿಸ್ಕೊಂಡೆ. ಆಯ್ತಲ್ಲ, ಇನ್ನಾದ್ರೂ ನೀನು ನೆಮ್ಮದಿಯಾಗಿರು.”

“ಯಾವ ಸಿಟ್ಟವ್ವ? ನಿನ್ನ ಮಡೇಲಿ ಸೊಪ್ಪಿರ್ಲಿಲ್ಲ. ಅದಕ್ಕೆ ನೀರು ಬಿಡ್ಲಿಲ್ಲ, ಅಷ್ಟೇಯ.”

ಅವಳು ಆಗ ತಿರುಗಿ ನೋಡಿದಳು.

“ಸೊಪ್ಪಿರ್ಲಿಲ್ವ? ಎರಡು ಸರದೀಲೂ ನನ್ನ ಕೈಯಾರೆ ಸಿಗಿಸಿದೀನಲ್ಲೋ. ಬೆಳಿಗ್ಗೆ ಬಂದು ನೋಡಿದ್ರೆ ಇರ್ಲಿಲ್ಲ. ನೀನು ಎತ್ಕೊಂಡು ಹೋಗಿದೀಯ, ನೋಡಿಯೂ ನೀರು ಬಿಡ್ಲಿಲ್ಲ ಅಂತ ತಿಳ್ಕೊಂಡಿದ್ದೆ.”

ಅವನು ಮಡೆಯ ಹತ್ತಿರ ಹೋಗಿ ಕೂತು ಕಲ್ಲನ್ನು ಎತ್ತಿದ. ಕಲ್ಲಿನಡಿ ಗೇಣುದ್ದದ ಎರಡು ಕಡ್ಡಿಗಳಿದ್ದವು. ಎಲೆ ಒಂದೂ ಇರಲಿಲ್ಲ. ಕಡ್ಡಿಯ ತುದಿಯನ್ನು ಹಲ್ಲಿನಲ್ಲಿ ಜಗ್ಗಿ ಕಿತ್ತ ಗುರುತಿತ್ತು. ಸುತ್ತ ಆಡಿನ ಹಿಕ್ಕೆ ಬಿದ್ದಿತ್ತು.

ಅದು ಲಕ್ಕಿ ಕಡ್ಡಿಯಲ್ಲ, ಹಲಸಿನದು. ಆ ಕಡೆಯ ಲಕ್ಕಿ ಪೊದೆಯನ್ನು ಬುಟ್ಟಿ ಹೆಣೆಯುವವರು ಬುಡದ ತನಕ ಕೊಯ್ದುಕೊಂಡು ಹೋಗಿದ್ದರು. ಸೊಪ್ಪು ಯಾವುದಾದರೇನು, ಗುರುತಿಗೆ ತಾನೇ ಎಂದು ಅವಳು ಹಲಸಿನ ಸೊಪ್ಪು ಸಿಗಿಸಿದ್ದಳು. ಆಡಿಗೆ ಹಲಸಿನ ಸೊಪ್ಪೆಂದರೆ ಹಬ್ಬದೂಟ. ಲಕ್ಕಿ ಸೊಪ್ಪಿಗೆ ಮಾತ್ರ ಅದು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಹಿರಿಯರು ಲಕ್ಕಿಯೇ ಆಗಬೇಕು ಎಂದು ಕಟ್ಟಳೆ ಮಾಡಿದ್ದು ಅದಕ್ಕೇ. ಕಟ್ಟಳೆ ಉಳಿದಿತ್ತು, ಅದರ ಕಾರಣವನ್ನು ಇವಳಿಗೆ ಯಾರೂ ಹೇಳಿರಲಿಲ್ಲ. ಅವನೂ ಯಾರನ್ನೂ ಕೇಳಿರಲಿಲ್ಲ.

ಒಂದೇ ಮಡೆ ಬರಿದಾಗಿತ್ತು. ಅದನ್ನು ನೋಡಿ ಅವನು, ಇವಳು ನೀರು ಕೇಳಲಿಲ್ಲ ಎಂದು ತಿಳಿದ. ಅದನ್ನೇ ನೋಡಿ ಅವಳು, ಇವನು ಕೇಳಿಯೂ ಕೊಡಲಿಲ್ಲ ಎಂದು ತಿಳಿದಳು. ಹತ್ತು ದಿನ ಇಬ್ಬರೂ ಹಾಗೆಯೇ ಇದ್ದರು. ಮಡೆಯಲ್ಲಿ ಸೊಪ್ಪಿರಲಿಲ್ಲ ಎಂಬ ಒಂದು ಮಾತನ್ನು ಅವನು ಮೊದಲ ದಿನವೇ ಹೇಳಿದ್ದರೆ, ಸಿಗಿಸಿದ್ದೆನಲ್ಲ ಎಂದು ಅವಳು ಅಲ್ಲಿಯೇ ಅನ್ನುತ್ತಿದ್ದಳು. ಅವನು ಅದನ್ನು ಮೂವತ್ತೊಂಬತ್ತರ ರಾಶಿಯೊಳಗೆ ಹಾಕಿ ಕೊಟ್ಟಿದ್ದ.

ಅವನು ಬದುವಿನ ಮೇಲೆ ಕುಸಿದು ಕೂತ. ಅವನಿಗೆ ಅಪ್ಪನ ನೆನಪು ಬಂತು. ಅಪ್ಪ ಸತ್ತ ದಿನ ಬಾರದಷ್ಟು ಅಳು ಈಗ ಬಂತು. ಅಪ್ಪ ಒಬ್ಬೊಬ್ಬರ ಮೊಣಕೈ ಹಿಡಿದು ನಡೆಸಿಕೊಂಡು ಹೋಗುತ್ತಿದ್ದದ್ದು, ಬಿಸಿಲಲ್ಲಿ ಅಷ್ಟು ದೂರ ಹೋಗಿ ಒಂದು ಜಾಗಕ್ಕೆ ಬೆರಳು ತೋರಿಸಿ ನಿಲ್ಲುತ್ತಿದ್ದದ್ದು, ಎದುರಿನವರು ಏನನ್ನುತ್ತಾರೆ ಎಂದು ಕಾಯುತ್ತಿದ್ದದ್ದು ಎಲ್ಲ ಕಣ್ಣ ಮುಂದೆ ಬಂತು. ಅಪ್ಪ ಹಾಗೆ ಕಾಯುತ್ತಿದ್ದ ಎನ್ನುವುದನ್ನು ಅವನು ಆ ದಿನದ ತನಕ ಗಮನಿಸಿಯೇ ಇರಲಿಲ್ಲ. ಕೇಳಿದವರಿಗೆ ತೋರಿಸಿ ಒಪ್ಪಿಸುವುದಕ್ಕೆ ಅಪ್ಪ ಹೋಗುತ್ತಾನೆ ಎಂದು ಅವನು ತಿಳಿದಿದ್ದ. ಅಪ್ಪ ಹೋಗುತ್ತಿದ್ದದ್ದು ತಾನು ಕಂಡದ್ದು ನಿಜವೇ ಎಂದು ಅವರನ್ನು ಕೇಳುವುದಕ್ಕೆ.

ನಲವತ್ತನೆಯ ಕಟ್ಟಳೆ ಒಂದಿತ್ತು. ನೀರಗಂಟಿಯ ಕಣ್ಣು ತಪ್ಪಿದ್ದರೆ, ತಪ್ಪು ತಿಳಿದ ದಿನವೇ ಆ ಗದ್ದೆಗೆ ನೀರು ಬಿಡಬೇಕು. ಅವನು ಅದನ್ನು ನೂರಾರು ಸಲ ಬಾಯಲ್ಲಿ ಹೇಳಿದ್ದ, ತನಗೂ ಅನ್ವಯಿಸುತ್ತದೆ ಎಂದು ಎಣಿಸಿರಲಿಲ್ಲ. ಅವನು ಎದ್ದು ಕೆರೆಯ ತನಕ ಓಡಿದ, ತೂಬು ಎತ್ತಿದ, ಕಾಲುವೆಗೆ ಕಾಲುವೆ ತಿರುವುತ್ತ ನೀರಿನ ಜೊತೆಗೇ ನಡೆದುಕೊಂಡು ಬಂದ. ಸಂಜೆಯ ಹೊತ್ತಿಗೆ ನೀರು ಅವಳ ಗದ್ದೆ ಮುಟ್ಟಿತು.

ಅರ್ಧ ಪೈರು ಚೇತರಿಸಿಕೊಂಡಿತು. ಇನ್ನರ್ಧ ಹೋಯಿತು. ಎತ್ತು ಮೇಯ್ದದ್ದೂ ಬರಲಿಲ್ಲ, ಒಣಗಿದ್ದೂ ಬರಲಿಲ್ಲ. ಅವಳು ತವರಿಗೆ ಹೋಗಲಿಲ್ಲ, ಅದೊಂದು ಸಮಾಧಾನ. ಸುಗ್ಗಿಯಲ್ಲಿ ಎಲ್ಲರಂತೆ ಅವಳೂ ನೀರಗಂಟಿಯ ತೆನೆಯ ಕಟ್ಟನ್ನು ತಂದು ಅವನ ಬಾಗಿಲಲ್ಲಿ ಇಟ್ಟಳು. ಅರ್ಧ ಬೆಳೆಗೆ ಅರ್ಧ ಕಟ್ಟು ತಂದಿರಲಿಲ್ಲ, ಪೂರ್ತಿಯೇ ತಂದಿದ್ದಳು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬೇಡ ಎಂದಿದ್ದರೆ ಅವಳಿಗೆ ಅವಮಾನವಾಗುತ್ತಿತ್ತು. ಅವನು ತನ್ನ ಜೀವಮಾನದಲ್ಲಿ ಹೊತ್ತ ಹೊರೆಗಳಲ್ಲಿ ಅದೇ ಭಾರ.

ಆಮೇಲೆ ಯಾರು ಯಾಕೆ ಎಂದರೂ ಅವನು ಕಟ್ಟೆಯ ಮೇಲೆ ಕೂರಿಸಲಿಲ್ಲ. ಎದ್ದು ಹೊರಡುತ್ತಿದ್ದ. ಅವನು ಯಾರದೋ ಮೊಣಕೈ ಹಿಡಿದು ಕಾಲುವೆಯ ಗುಂಟ ಹೋಗುವುದನ್ನು ದೂರದಿಂದ ಕಂಡ ಮುದುಕರು, ಅಪ್ಪನೇ ಹೋದ ಹಾಗಾಯಿತು ಎಂದು ಹೇಳಿ ಸ್ವಲ್ಪ ಹೊತ್ತು ಅತ್ತಲೇ ನೋಡುತ್ತಿದ್ದರು.

ಕತೆ ಅಲ್ಲಿಗೆ ಮುಗಿಯಿತು. ಮೇಷ್ಟ್ರು ತಮ್ಮ ಊರಿನ ಮಾತು ತೆಗೆದರು. ಅಲ್ಲೂ ಒಂದು ಕೆರೆ ಇತ್ತಂತೆ, ಈಗ ಮನೆಮನೆಗೆ ಬೋರ್‌ವೆಲ್ ಬಂದು ನೀರಗಂಟಿ ಎಂಬ ಹೆಸರೇ ಹುಡುಗರಿಗೆ ಗೊತ್ತಿಲ್ಲವಂತೆ. ಸ್ವಿಚ್ ಒತ್ತಿದರೆ ನೀರು ಬರುತ್ತದೆ, ಬರದಿದ್ದರೆ ಇಲ್ಲ, ಯಾಕೆ ಎಂದು ಕೇಳಲು ಎದುರಿಗೆ ಒಬ್ಬ ಮನುಷ್ಯನ ಮುಖವೇ ಇಲ್ಲ ಎಂದು ಹೇಳುವಾಗ ಅವರ ದನಿ ಇಳಿದಿತ್ತು. ಯಾವುದಕ್ಕೂ ಬೇಸರ ತೋರಿಸಿಕೊಳ್ಳದ ಮನುಷ್ಯ ಅವರು. ಕುಮುದಾ ಅವರನ್ನು ಹಾಗೆ ಕಂಡದ್ದು ಅದೊಂದೇ ಸಲ. ಎಷ್ಟೋ ವರ್ಷದ ಮೇಲೆ, ತಾನೂ ಪಾಠ ಹೇಳುವ ಕೆಲಸಕ್ಕೆ ಬಂದ ಮೇಲೆ, ಆ ದನಿ ಅವಳಿಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಆದರೆ ಆ ದಿನ ಅವಳಿಗೆ ಇಪ್ಪತ್ತೊಂದು ವರ್ಷ. ಸೋಲುವ ವಯಸ್ಸಲ್ಲ. ತೊಂಬತ್ತು ನಿಯಮಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದ್ದಳು, ಒಂದರಲ್ಲೂ ತಪ್ಪು ಸಿಕ್ಕಿರಲಿಲ್ಲ. ಮೊಗಸಾಲೆಯ ಕಡೆ ನೋಡಿದಳು. ಆ ಹುಡುಗಿ ಹದಿನೇಳು ಹಾಳೆಗಳನ್ನು ಎದೆಗೆ ಒತ್ತಿಕೊಂಡು ಇನ್ನೂ ನಿಂತಿದ್ದಳು. ಊರಿಗೆ ಹೋಗುವ ಕೊನೆಯ ಬಸ್ಸಿಗೆ ಇನ್ನು ಒಂದು ಗಂಟೆ ಇತ್ತು.

“ಕತೆ ಚೆನ್ನಾಗಿದೆ ಸಾರ್” ಎಂದಳು ಕುಮುದಾ. “ಆದರೆ ನನ್ನ ಪ್ರೋಗ್ರಾಮಿನಲ್ಲಿ ಆಡು ಎಲ್ಲೂ ಇಲ್ಲವಲ್ಲ?”

“ಇಲ್ಲ ಅಂತ ಹೋಗಿ ನೋಡಿಕೊಂಡು ಬಂದು ಹೇಳ್ತಿದ್ದೀಯೇನಮ್ಮ, ಇಲ್ಲಾ ಕಾಣಲಿಲ್ಲ ಅಂತ ಇಲ್ಲ ಅಂತಿದ್ದೀಯ?” ಎಂದರು ಮೇಷ್ಟ್ರು.

ಕುಮುದಾ ಎದ್ದು ಮೊಗಸಾಲೆಗೆ ಹೋಗಿ ಆ ಹುಡುಗಿಯ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು, ಇಲ್ಲ ಎನ್ನಿಸಿದ ಒಂದು ಸಾಲನ್ನು ಅವಳ ಜೊತೆ ಹುಡುಕತೊಡಗಿದಳು.